ಅವಳು ಹೇಳಿದ್ದು, ನಾನು ಬರೆದದ್ದು

ಪರೀಕ್ಷೆ ಶುರುವಾಗಲು ಇನ್ನು ಒಂದು ಗಂಟೆ ಇದ್ದಾಗ ಸ್ವಯಂಸೇವಕರ ಗುಂಪಿನಲ್ಲಿ ಸಂದೇಶ ಬಂತು: "ಅರ್ಥಶಾಸ್ತ್ರ ಪತ್ರಿಕೆಗೆ ಸ್ಕ್ರೈಬ್ ತುರ್ತಾಗಿ ಬೇಕು. ಒಪ್ಪಿಕೊಂಡಿದ್ದವರು ಬರುತ್ತಿಲ್ಲ. ಅರ್ಥಶಾಸ್ತ್ರ ಓದುತ್ತಿರುವವರು ಬೇಡ."

ಸ್ಕ್ರೈಬ್ ಎಂದರೆ ಕಣ್ಣು ಕಾಣದ ವಿದ್ಯಾರ್ಥಿ ಹೇಳುವ ಉತ್ತರವನ್ನು ಕೇಳಿ ಬರೆದುಕೊಡುವವರು. ನಾನು ಭೌತಶಾಸ್ತ್ರದ ಎರಡನೇ ವರ್ಷದಲ್ಲಿದ್ದೆ. ಗುಂಪಿಗೆ ಸೇರಿ ಆರು ತಿಂಗಳಾಗಿತ್ತು. ಅಲ್ಲಿಯವರೆಗೆ ಗಿಡ ನೆಡುವುದಕ್ಕೆ, ರಕ್ತದಾನ ಶಿಬಿರದಲ್ಲಿ ಹೆಸರು ಬರೆದುಕೊಳ್ಳುವುದಕ್ಕೆ ಹೋಗಿದ್ದೆ. ಹತ್ತಾರು ಜನ ಕೂಡಿ ಮಾಡುವ ಕೆಲಸಗಳವು. ನಾನೊಬ್ಬ ಹೋಗದಿದ್ದರೂ ಏನೂ ನಿಲ್ಲುತ್ತಿರಲಿಲ್ಲ. ಇಲ್ಲಿ ಬೇಕಾಗಿದ್ದು ಒಬ್ಬರೇ. ಆ ಒಬ್ಬರು ಕೈಕೊಟ್ಟರೆ ಇನ್ನೊಬ್ಬರ ಒಂದು ವರ್ಷದ ಓದು ಬಾಗಿಲ ಹೊರಗೇ ಉಳಿಯುತ್ತದೆ. "ಬರುತ್ತೇನೆ" ಎಂದು ಬರೆದು ಹೊರಟೆ.

ಕೊಠಡಿಯ ಹೊರಗಿನ ಬೆಂಚಿನ ಮೇಲೆ ಅವಳು ಕೂತಿದ್ದಳು. ಬಿಳಿ ಕೋಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. ನನ್ನ ಹೆಸರು ಹೇಳಿದ್ದೇ ತಡ, ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಅಕ್ಷರ ಓದೋಕೆ ಬರುತ್ತಾ?" ಬರುತ್ತದೆ ಎಂದೆ. ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿದಳು. "ಮೊದಲು ಇಡೀ ಪ್ರಶ್ನೆಪತ್ರಿಕೆ ಓದಿ, ಅಂಕದ ಸಮೇತ. 'ಹೊಸ ಪ್ಯಾರಾ' ಅಂದಾಗ ಮಾತ್ರ ಹೊಸ ಪ್ಯಾರಾ. ಗೊತ್ತಿಲ್ಲದ ಪದ ಬಂದರೆ ಬಿಡಿಸಿ ಹೇಳ್ತೀನಿ, ನೀವು ಊಹೆ ಮಾಡಬೇಡಿ. ಸರಿ ಅನ್ನಿಸಲಿ ತಪ್ಪು ಅನ್ನಿಸಲಿ, ನಾನು ಹೇಳಿದ್ದನ್ನೇ ಬರೀಬೇಕು."

ಬರಬೇಕಾಗಿದ್ದವರ ಜೊತೆ ಅವಳು ಎರಡು ದಿನ ಅಭ್ಯಾಸ ಮಾಡಿದ್ದಳಂತೆ. ಅವರ ಬರವಣಿಗೆಯ ವೇಗಕ್ಕೆ ತನ್ನ ಮಾತಿನ ವೇಗ ಹೊಂದಿಸಿಕೊಂಡಿದ್ದಳಂತೆ. ಈಗ ಎಲ್ಲ ಮೊದಲಿನಿಂದ.

ಉಳಿದವರಿಗೆ ತೊಂದರೆಯಾಗದಿರಲೆಂದು ನಮಗೆ ಒಂದು ಸಣ್ಣ ಕೊಠಡಿ ಕೊಟ್ಟಿದ್ದರು. ಒಂದು ಮೇಜು, ಮೂರು ಕುರ್ಚಿ, ಒಬ್ಬರು ಮೇಲ್ವಿಚಾರಕರು. ಮೂರು ಗಂಟೆಯ ಪತ್ರಿಕೆಗೆ ಅವಳಿಗೆ ಒಂದು ಗಂಟೆ ಹೆಚ್ಚು ಇತ್ತು. ನಾಲ್ಕು ಗಂಟೆ ಎಂದರೆ ಧಾರಾಳ ಅಂದುಕೊಂಡಿದ್ದೆ. ಪ್ರಶ್ನೆಪತ್ರಿಕೆ ಓದಲು ಕೂತಾಗಲೇ ಆ ಹೆಚ್ಚಿನ ಸಮಯ ಎಲ್ಲಿ ಹೋಗುತ್ತದೆಂದು ತಿಳಿಯಿತು. ಕಣ್ಣಿರುವವರು ಬೇಕೆಂದಾಗ ಪತ್ರಿಕೆಯತ್ತ ನೋಡುತ್ತೇವೆ. ಅವಳು ಎಂಟು ಪ್ರಶ್ನೆಗಳನ್ನೂ ಕೇಳಿ ನೆನಪಿನಲ್ಲಿಟ್ಟುಕೊಂಡು, ಐದನ್ನು ಆರಿಸಿ, ಯಾವುದು ಮೊದಲು ಯಾವುದು ಕೊನೆಗೆ ಎಂದು ತೀರ್ಮಾನಿಸಬೇಕು. ನಾನು ಓಡಿಸಿಕೊಂಡು ಓದಿದೆ. "ನಿಧಾನ" ಎಂದಳು. ಎರಡನೇ ಸಲ ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರನೇದು ಮೊದಲು" ಎಂದಳು.

ಮೂರನೇ ಪ್ರಶ್ನೆ ಬೇಡಿಕೆ ಮತ್ತು ಪೂರೈಕೆಯಿಂದ ಸಮತೋಲನ ಬೆಲೆ, ಅಂದರೆ ಅವೆರಡೂ ಸಮವಾಗುವ ಬೆಲೆ, ಹೇಗೆ ನಿರ್ಧಾರವಾಗುತ್ತದೆ ಎಂಬುದು. ರೇಖಾಚಿತ್ರ ಬರೆಯಬೇಕಿತ್ತು. ಕಣ್ಣು ಕಾಣದ ವಿದ್ಯಾರ್ಥಿಗಳು ಚಿತ್ರದ ಪ್ರಶ್ನೆ ಬಿಡುತ್ತಾರೇನೋ ಎಂದುಕೊಂಡಿದ್ದೆ. ಅವಳು ಆರಿಸಿದ್ದೇ ಅದನ್ನು. ಹೇಳುವಾಗ ಅವಳ ಬಲಗೈಯ ತೋರುಬೆರಳು ಮೇಜಿನ ಮೇಲೆ ಓಡಾಡುತ್ತಿತ್ತು. ಚಿಕ್ಕವಳಿದ್ದಾಗ ಯಾರೋ ರಟ್ಟಿನ ಮೇಲೆ ದಾರ ಅಂಟಿಸಿ ಈ ಚಿತ್ರ ಮುಟ್ಟಿಸಿ ಕಲಿಸಿದ್ದರಂತೆ. ಎರಡು ದಾರ ಕೂಡುವಲ್ಲಿ ಒಂದು ಗಂಟು. ಆ ಗಂಟೇ ಸಮತೋಲನ. "ಮೇಲೆ ಎಡದಿಂದ ಕೆಳಗೆ ಬಲಕ್ಕೆ ಇಳಿಯೋ ಗೆರೆ ಬೇಡಿಕೆಯದು. ಡಿ ಡಿ ಅಂತ ಹೆಸರು ಕೊಡಿ. ಕೆಳಗೆ ಎಡದಿಂದ ಮೇಲೆ ಬಲಕ್ಕೆ ಏರೋದು ಪೂರೈಕೆ, ಎಸ್ ಎಸ್. ಕೂಡೋ ಕಡೆ ಇ. ಅಲ್ಲಿಂದ ಎರಡೂ ಅಕ್ಷಕ್ಕೆ ಚುಕ್ಕೆಗೆರೆ." ನಾನು ಬರೆಯುತ್ತಿದ್ದ ಗೆರೆಯೂ ಅವಳ ಬೆರಳೂ ಒಟ್ಟಿಗೇ ಆ ಗಂಟಿಗೆ ಬಂದು ನಿಂತವು.

ಆಮೇಲೆ ಹೇಳಿದಳು: "ಲಂಬಾಕ್ಷಕ್ಕೆ ಬೆಲೆ. ಅಡ್ಡ ಅಕ್ಷಕ್ಕೆ ಪ್ರಮಾಣ."

ನನ್ನ ಪೆನ್ನು ನಿಂತಿತು. ಪ್ರಯೋಗಾಲಯದಲ್ಲಿ ನಾವು ಯಾವುದನ್ನು ಬದಲಾಯಿಸುತ್ತೇವೋ ಅದನ್ನು ಅಡ್ಡ ಅಕ್ಷದಲ್ಲಿ, ಅದರಿಂದ ಬದಲಾಗುವುದನ್ನು ಲಂಬಾಕ್ಷದಲ್ಲಿ ಗುರುತಿಸುತ್ತೇವೆ. "ಬೆಲೆ ಇಳಿದರೆ ಬೇಡಿಕೆಯ ಪ್ರಮಾಣ ಏರುತ್ತದೆ" ಎಂದು ಅವಳೇ ಈಗತಾನೇ ಬರೆಸಿದ್ದಳು. ಹಾಗಿದ್ದರೆ ಬೆಲೆ ಅಡ್ಡ ಅಕ್ಷಕ್ಕೆ ಹೋಗಬೇಕಲ್ಲ? ಅವಸರದಲ್ಲಿ ಅದಲು ಬದಲಾಯಿತು ಎಂದುಕೊಂಡೆ. ಎರಡು ಪದ ಅತ್ತಿತ್ತ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅವಳಿಗೆ ಪೂರ್ತಿ ಅಂಕ ಸಿಗುತ್ತದೆ. ಆ ಕ್ಷಣಕ್ಕೆ ಅದು ನನಗೆ ಒಳ್ಳೆಯತನವಾಗಿಯೇ ಕಂಡಿತ್ತು.

"ಯಾಕೆ ನಿಂತ್ರಿ?" ಎಂದಳು. ಕಾಗದದ ಮೇಲಿನ ಪೆನ್ನಿನ ಸದ್ದು ಅವಳ ಲೆಕ್ಕದಲ್ಲೇ ಇತ್ತು. ಮೇಲ್ವಿಚಾರಕರೂ ತಲೆಯೆತ್ತಿದರು. ಏನಿಲ್ಲ ಎಂದು ಅವಳು ಹೇಳಿದ ಹಾಗೆಯೇ ಬರೆದೆ. ಬರೆಯುವವನು ತಡೆದು ನಿಲ್ಲುವುದೂ ಒಂದು ಸೂಚನೆಯೇ ಎಂಬುದು ಆಗ ಹೊಳೆಯಿತು. ಅಲ್ಲಿಂದ ಮುಂದೆ ನನ್ನ ಕೈ ನಿಲ್ಲದ ಹಾಗೆ, ಓದಿ ಹೇಳುವಾಗ ದನಿ ಏರುಪೇರಾಗದ ಹಾಗೆ ನೋಡಿಕೊಂಡೆ. ಬರೆಯುವುದಕ್ಕಿಂತ ಅದೇ ಕಷ್ಟವಾಯಿತು.

ಮೂರನೇ ಗಂಟೆಗೆ ಬೆರಳು ಬಿಗಿಯತೊಡಗಿದವು. ಕೊನೆಯ ಉತ್ತರದಲ್ಲಿ ಅವಳ ಒಂದು ವಾಕ್ಯ ನನ್ನ ಕೈಗೆ ಸಿಗದೆ ಹೋಯಿತು. ತಪ್ಪಿತು ಎಂದು ಹೇಳಿದೆ. ಬೇಸರಿಸದೆ ಮತ್ತೆ ಹೇಳಿದಳು. ಆದರೆ ಅಷ್ಟರಲ್ಲಿ ಮುಂದಿನ ವಾಕ್ಯ ಅವಳಿಗೆ ಮರೆತಿತ್ತು. ಕಣ್ಣು ಮುಚ್ಚಿ ಎರಡು ಬೆರಳಿನಿಂದ ಹಣೆ ಒತ್ತಿಕೊಂಡು ಅದನ್ನು ಹುಡುಕುತ್ತಿದ್ದಳು. ಅಭ್ಯಾಸಕ್ಕೆ ಕೂತಿದ್ದವರು ಬಂದಿದ್ದರೆ ಈ ಎರಡು ನಿಮಿಷ ಅವಳಿಗೆ ಉಳಿಯುತ್ತಿತ್ತು. ಬರದಿರಲು ಅವರಿಗೇನು ಕಾರಣವಿತ್ತೋ ನನಗೆ ತಿಳಿಯದು. ಆದರೆ ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಬೇಕಿತ್ತು ಎಂಬ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ.

ಹೊರಗೆ ಬಂದ ಮೇಲೆ ಅವಳು ಮರೆಯದೆ ಕೇಳಿದಳು: "ಆ ಚಿತ್ರದ ಹತ್ತಿರ ಯಾಕೆ ನಿಂತ್ರಿ?" ಇದ್ದದ್ದನ್ನು ಹೇಳಿದೆ. ಜೋರಾಗಿ ನಕ್ಕಳು. "ನಿಮ್ಮಲ್ಲಿ ಹೇಗೋ, ನಮ್ಮಲ್ಲಿ ಮಾರ್ಷಲ್ ಕಾಲದಿಂದ ಬೆಲೆ ನಿಂತೇ ಇದೆ." ಆಮೇಲೆ ಓದಿ ತಿಳಿದುಕೊಂಡೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಬೆಲೆಯನ್ನು ಲಂಬಾಕ್ಷದಲ್ಲಿಟ್ಟೇ ಚಿತ್ರ ಬರೆದವರು. 1890ರಲ್ಲಿ ಅವರ ಪುಸ್ತಕ ಬಂದ ಮೇಲೆ ಪಠ್ಯಗಳಲ್ಲೆಲ್ಲ ಅದೇ ರೂಢಿಯಾಯಿತು. ನಾನು ತಿದ್ದಿದ್ದರೆ ಅವಳ ಸರಿಯಾದ ಉತ್ತರವನ್ನು ಕೆಡಿಸಿರುತ್ತಿದ್ದೆ, ಅದೂ ಅವಳಿಗೆ ತಿಳಿಯದ ಹಾಗೆ.

ನೀವೇ ಬರೆಯುವ ದಾರಿ ಇಲ್ಲವೇ ಎಂದು ಕೇಳಿದೆ. ಬ್ರೈಲ್‌ನಲ್ಲಿ ಬರೆಯಬಲ್ಲಳು. ಲೂಯಿ ಬ್ರೈಲ್ 1824ರ ಹೊತ್ತಿಗೆ, ಹದಿನೈದರ ವಯಸ್ಸಿನಲ್ಲಿ, ರೂಪಿಸಿದ ಆರು ಚುಕ್ಕೆಗಳ ಲಿಪಿ ಅದು. ಆರೇ ಚುಕ್ಕೆಗಳಿಂದ 63 ಆಕಾರಗಳು. ಆದರೆ ಮೌಲ್ಯಮಾಪಕರಿಗೆ ಅದು ಓದಲು ಬರಬೇಕಲ್ಲ. ಅವಳು ದಿನವೂ ಓದುವುದು, ಬರೆಯುವುದು ಲ್ಯಾಪ್‌ಟಾಪಿನಲ್ಲಿ. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಹಾಕಿಕೊಂಡಿದ್ದಾಳೆ. ಕಣ್ಣು ಕಾಣದ ಆಸ್ಟ್ರೇಲಿಯಾದ ಇಬ್ಬರು 2006ರಲ್ಲಿ ಶುರು ಮಾಡಿದ ಕೆಲಸ ಅದು. ಒಂದು ಸಂದೇಶ ಟೈಪ್ ಮಾಡಿ ತೋರಿಸಿದಳು. ನನಗಿಂತ ಎಷ್ಟೋ ವೇಗ. "ಪರೀಕ್ಷೆಲೂ ಇದನ್ನ ಕೊಟ್ಟಿದ್ರೆ ನೀವು ಬರಬೇಕಾಗೇ ಇರಲಿಲ್ಲ" ಎಂದಳು. ನನಗೆ ನೋವಾಗಲೆಂದು ಹೇಳಿದ ಮಾತಲ್ಲ. ಆದರೂ ಆ ಮಾತು ತುಂಬ ದಿನ ನನ್ನೊಳಗೆ ಉಳಿಯಿತು. ನಾಲ್ಕು ಗಂಟೆ ಬರೆದುಕೊಟ್ಟೆನೆಂಬ ಸಮಾಧಾನ ನನ್ನದು. ಆದರೆ ಅಷ್ಟೂ ಹೊತ್ತು ಬೇರೊಬ್ಬನ ಕೈಯನ್ನು ನಂಬಿ ಕೂರಬೇಕಾದವಳು ಅವಳು.

ಪರೀಕ್ಷೆಯಲ್ಲಿ ಲ್ಯಾಪ್‌ಟಾಪಿಗೆ ಅವಕಾಶ ಕೊಡಿ ಎಂದು ನಮ್ಮ ಗುಂಪಿನಿಂದ ಈಗ ಮನವಿ ಬರೆದಿದ್ದೇವೆ. ಉತ್ತರ ಬಂದಿಲ್ಲ. ಅದು ಬರುವವರೆಗೆ ನಾನು ಸ್ಕ್ರೈಬ್ ಆಗಿ ಹೋಗುತ್ತೇನೆ. ಹಿಂದಿನ ದಿನವೇ ಭೇಟಿಯಾಗಿ ಆ ವಿಷಯದ ಪದಗಳನ್ನು ಹೇಳಿಸಿಕೊಂಡು ಬರೆದು ನೋಡುತ್ತೇನೆ.

ಇನ್ನೊಂದು ಕೆಲಸವನ್ನು ಅವಳೇ ಹಚ್ಚಿದ್ದಾಳೆ. ಅವಳ ತಂತ್ರಾಂಶ ಸರಿಯಾಗಿ ಓದಿ ಹೇಳುವ ಹಾಗೆ, ಸ್ಕ್ಯಾನ್ ಮಾಡಿದ ಪಠ್ಯಪುಸ್ತಕಗಳನ್ನು ತಿದ್ದುವುದು. ಯಂತ್ರ ಅಕ್ಷರ ಗುರುತಿಸುತ್ತದೆ ನಿಜ, ಆದರೆ ಕೋಷ್ಟಕ ಬಂದರೆ ಸಾಲುಗಳನ್ನು ಕಲಸಿಬಿಡುತ್ತದೆ. ಚಿತ್ರ ಬಂದರೆ "ಚಿತ್ರ" ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಇದು ಪುಸ್ತಕ ಕದ್ದ ಹಾಗಲ್ಲವೇ ಎಂದು ಗೆಳೆಯನೊಬ್ಬ ಕೇಳಿದ. ಕಣ್ಣಿನಿಂದ ಓದಲಾಗದವರಿಗಾಗಿ ಇಂಥ ಪ್ರತಿ ಮಾಡಲು ಹಕ್ಕುಸ್ವಾಮ್ಯ ಅಡ್ಡಿಯಾಗಬಾರದೆಂದೇ 2013ರಲ್ಲಿ ಮರ್ರಾಕೇಶ್ ಒಪ್ಪಂದವಾಗಿದೆ ಎಂದು ಅವನಿಗೆ ಹೇಳಿದೆ. ಈಗ ಅವನೂ ವಾರಕ್ಕೆ ಹತ್ತು ಪುಟ ತಿದ್ದುತ್ತಾನೆ.

ಮೊನ್ನೆ ಒಂದು ಬೇಡಿಕೆ ರೇಖೆಯನ್ನು ಮಾತಿನಲ್ಲಿ ವಿವರಿಸಿ ಅವಳಿಗೆ ಕಳುಹಿಸಿದೆ. "ಲಂಬಾಕ್ಷದಲ್ಲಿ ಬೆಲೆ, ಅಡ್ಡ ಅಕ್ಷದಲ್ಲಿ ಪ್ರಮಾಣ. ಎಡದಿಂದ ಬಲಕ್ಕೆ ಇಳಿಯುವ ಗೆರೆ." ಸಂಜೆ ಉತ್ತರ ಬಂತು: "ಇಳಿಯುವ ಅಂದರೆ ಸಾಲದು. ಕಡಿದಾಗಿ ಇಳಿಯುತ್ತೋ, ಸಪಾಟಾಗಿ ಇಳಿಯುತ್ತೋ? ಇಡೀ ಪಾಠ ಇರೋದೇ ಅದರಲ್ಲಿ. ಇನ್ನೊಂದ್ಸಲ ನೋಡಿ ಬರೀರಿ."