ಹೋಸ್ಟಿಂಗ್ ಕಂಪನಿ ಮಾರಾಟವಾಯ್ತು, ಫೋನ್ ಬಂದದ್ದು ನನಗೆ

ಕಳೆದ ವರ್ಷ ಜೂನ್ ತಿಂಗಳ ಒಂದು ರಾತ್ರಿ. ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಜೋರು ಮಳೆ ಹಿಡಿದರೆ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ನೆಟ್ಟು. ಅವತ್ತು ಎರಡೂ ಇರಲಿಲ್ಲ. ಮೊಬೈಲಿನಲ್ಲಿ ಒಂದೇ ಒಂದು ಕಡ್ಡಿ ಸಿಗ್ನಲ್. ಅಷ್ಟರಲ್ಲೇ ನುಸುಳಿಕೊಂಡು ಒಂದು ಮೇಲ್ ಬಂತು. ತಲೆಬರಹ, ನಮ್ಮ ಗ್ರಾಹಕರಿಗೆ ಒಂದು ಸಂತೋಷದ ಸುದ್ದಿ.

ಹೋಸ್ಟಿಂಗ್‌ನವರು (ವೆಬ್‌ಸೈಟು ಇಡಲು ಜಾಗ ಬಾಡಿಗೆಗೆ ಕೊಡುವವರು) ಸಂತೋಷದ ಸುದ್ದಿ ಅಂದರೆ ನನಗೆ ಹೊಟ್ಟೆಯಲ್ಲಿ ಕಸಿವಿಸಿ. ಒಂದೋ ರೇಟು ಏರಿಸಿರುತ್ತಾರೆ, ಇಲ್ಲವೋ ಕಂಪನಿಯನ್ನೇ ಮಾರಿರುತ್ತಾರೆ. ಇದು ಎರಡನೆಯದು. ದೊಡ್ಡ ಕಂಪನಿಯೊಂದು ಇವರನ್ನು ಕೊಂಡುಕೊಂಡಿದೆಯಂತೆ, ನಿಮಗೆ ಏನೂ ಬದಲಾಗುವುದಿಲ್ಲವಂತೆ. (ಹೆಸರು ಹೇಳುವುದಿಲ್ಲ. ನನ್ನ ಎರಡು ಸೈಟು ಇನ್ನೂ ಅವರ ಕೈಯಲ್ಲೇ ಉಂಟು.)

ನನ್ನ ಕೆಲಸ ಇಷ್ಟೇ. ಅವರಿಂದ ಒಂದು ಸರ್ವರ್, ಅಂದರೆ ಸದಾ ನೆಟ್ಟಿನಲ್ಲಿರುವ ಕಂಪ್ಯೂಟರ್, ಬಾಡಿಗೆಗೆ ತೆಗೆದುಕೊಂಡು ಅದರಲ್ಲಿ ನಮ್ಮ ಊರಿನ ಸುತ್ತಮುತ್ತಲಿನವರ 11 ಸೈಟು ಇಟ್ಟುಕೊಂಡಿದ್ದೆ. ಮದುವೆ ಹಾಲ್ ಒಂದು, ಅಡಿಕೆ ಸುಲಿಯುವ ಯಂತ್ರ ಮಾರುವ ಅಂಗಡಿ, ಯಕ್ಷಗಾನ ಸಂಘ, ಒಂದು ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘ, ಹೀಗೆ. ಅವರಿಗೆ ಹೋಸ್ಟಿಂಗ್ ಕಂಪನಿ ಅಂದರೆ ಯಾರು ಅಂತಲೇ ಗೊತ್ತಿಲ್ಲ. ಗೊತ್ತಿರುವುದು ನಾನು. ಆದರೂ ಬಿಲ್ಲಿನಲ್ಲಿ ಹೆಸರು ಬದಲಾಗುತ್ತದಲ್ಲ, ಹೇಳದೆ ಇದ್ದರೆ ಸರಿಯಲ್ಲ ಅಂತ ಮರುದಿನ ಎಲ್ಲರಿಗೂ ಫೋನ್ ಮಾಡಿದೆ.

ಹಾಲ್‌ನ ಶೆಟ್ರು ಪೂರ್ತಿ ಕೇಳಲೇ ಇಲ್ಲ. "ಹಾಗಾದ್ರೆ ನೀನೂ ಮಾರಿಕೊಂಡೆಯಾ ಮಾರಾಯ?" ಅಂತ ಶುರು ಮಾಡಿದರು. "ನಾನಲ್ಲ ಶೆಟ್ರೇ, ನಾನು ಬಾಡಿಗೆಗೆ ಇದ್ದ ಮನೆಯ ಯಜಮಾನ ಬದಲಾದದ್ದು" ಅಂತ ಸಮಾಧಾನ ಮಾಡುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಯಕ್ಷಗಾನ ಸಂಘದವರಿಗೆ ಒಂದೇ ಚಿಂತೆ, ಆಟದ ಪಟ್ಟಿ ಕಾಣುತ್ತದಾ ಇಲ್ವಾ. ರಿಟೈರ್ ಆದ ಮಾಷ್ಟ್ರು ಒಬ್ಬರು ತಮ್ಮ ಹಳೆ ಲೇಖನಗಳನ್ನೆಲ್ಲ ಸೈಟಿನಲ್ಲಿ ಹಾಕಿಸಿದ್ದಾರೆ, ಅವರು ಮಾತ್ರ ಸರಿಯಾದ ಪ್ರಶ್ನೆ ಕೇಳಿದರು. "ಅಂದ್ರೆ ನಮ್ಮ ಬ್ಯಾಂಕುಗಳ ಹಾಗೆಯಾ? ಚೆಕ್ ಬುಕ್ ಹೊಸತು ತಕೊಳ್ಬೇಕಾ?"

ಹೌದು, ಅದೇ. ಈ ಕರಾವಳಿಯವರಿಗೆ ಇದನ್ನು ವಿವರಿಸಲು ಬೇರೆ ಉದಾಹರಣೆ ಬೇಡ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾದೊಳಗೆ ಸೇರಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್‌ಗೆ. ದುಡ್ಡು ಎಲ್ಲಿಯೂ ಹೋಗಲಿಲ್ಲ, ಕೌಂಟರ್ ಕೂಡ ಅಲ್ಲೇ ಇತ್ತು. ಬೋರ್ಡು ಬದಲಾಯಿತು, ಐಎಫ್‌ಎಸ್‌ಸಿ ಬದಲಾಯಿತು. ಮಾಷ್ಟ್ರು ಇನ್ನೂ ಒಂದು ಸೇರಿಸಿದರು. "1956ರಲ್ಲಿ ನಾನು ಒಂದನೇ ಕ್ಲಾಸು. ಮನೆ ಇದ್ದಲ್ಲೇ ಇತ್ತು, ರಾಜ್ಯ ಬದಲಾಯ್ತು, ಕಾಸರಗೋಡು ಕೇರಳಕ್ಕೆ ಹೋಯ್ತು. ಇದೇನು ದೊಡ್ಡದು?" ಆ ವಿಷಯಕ್ಕೆ ಇಳಿದರೆ ಅವರು ಗಡಿ ವಿವಾದದ ಮಹಾಜನ ವರದಿಯವರೆಗೂ ಹೋಗುತ್ತಾರೆ, ಹಾಗಾಗಿ ಮೆಲ್ಲ ಫೋನ್ ಇಟ್ಟೆ.

ಈ ಕ್ಷೇತ್ರದಲ್ಲಿರುವವರಿಗೆ ಇದು ಮೊದಲ ಸಲವೂ ಅಲ್ಲ. 2022ರ ಫೆಬ್ರವರಿಯಲ್ಲಿ ಅಕಮೈ ಕಂಪನಿ, ಸರ್ವರ್ ಬಾಡಿಗೆಗೆ ಕೊಡುವ ಲಿನೋಡನ್ನು ಸುಮಾರು 90 ಕೋಟಿ ಡಾಲರ್‌ಗೆ ಕೊಳ್ಳುತ್ತೇನೆ ಅಂದಾಗ ನೋಡಬೇಕಿತ್ತು. ಲಿನೋಡ್ 2003ರಿಂದ ಇದ್ದದ್ದು, ಡೆವಲಪರ್‌ಗಳಿಗೆ ಅದೊಂದು ಮನೆಯ ಹಾಗೆ. ಕೆಲವರು ಅಭಿನಂದನೆ ಹೇಳಿದರು, ಕೆಲವರು ಇವತ್ತೇ ಖಾಲಿ ಮಾಡ್ತೇನೆ ಅಂದರು, ಇನ್ನೂ ಕೆಲವರು ಹಾಗಾದರೆ ನಾವೀಗ ಎಲ್ಲಿಗೆ ಹೋಗುವುದು ಅಂತ ತಲೆ ಮೇಲೆ ಕೈ ಇಟ್ಟು ಕೂತರು. 2023ರ ಏಪ್ರಿಲ್‌ನಲ್ಲಿ ರೇಟು ಏರಿತು. ತಿಂಗಳಿಗೆ 10 ಡಾಲರ್‌ನ ಸರ್ವರ್ 12 ಆಯಿತು, 20ರದ್ದು 24. ಐದು ಡಾಲರ್‌ನದ್ದನ್ನು ಮುಟ್ಟಲಿಲ್ಲ. ನ್ಯಾಯವಾಗಿ ಹೇಳುವುದಾದರೆ ಅದೇ ವರ್ಷ ಚೆನ್ನೈಯಲ್ಲೂ ಡೇಟಾ ಸೆಂಟರ್ ಬಂತು, ನಮ್ಮಂಥವರಿಗೆ ಅದು ಒಳ್ಳೆಯದೇ ಅಲ್ವಾ. ಕೊಂಡವರೆಲ್ಲ ಕೆಡಿಸಿಯೇ ಬಿಡುತ್ತಾರೆ ಅಂತ ನಾನು ಹೇಳುವುದಿಲ್ಲ. ಡೆವಲಪರ್‌ಗಳು ತಮ್ಮ ಆ್ಯಪ್ ಇಡುವ ಹೆರೋಕುವನ್ನು ಸೇಲ್ಸ್‌ಫೋರ್ಸ್ ಕಂಪನಿ ಕೊಂಡದ್ದು 2010ರಲ್ಲಿ, ಪುಕ್ಕಟೆ ಪ್ಲಾನ್ ನಿಲ್ಲಿಸಿದ್ದು 2022ರ ನವೆಂಬರ್‌ನಲ್ಲಿ. ಹನ್ನೆರಡು ವರ್ಷ! ಅಷ್ಟರಲ್ಲಿ ಮೊದಲ ದಿನ ಸಿಟ್ಟು ಮಾಡಿದವರಿಗೆ ಸಿಟ್ಟು ಯಾಕೆ ಬಂದಿತ್ತು ಅಂತಲೇ ಮರೆತುಹೋಗಿರುತ್ತದೆ.

ತಮಾಷೆ ಇರುವುದು ಬಿಟ್ಟು ಹೋಗುವವರ ಕಥೆಯಲ್ಲಿ. ಬ್ಲೂಹೋಸ್ಟ್, ಹೋಸ್ಟ್‌ಗೇಟರ್ ಎರಡೂ ಒಂದೇ ಎಂಡ್ಯೂರೆನ್ಸ್ ಕಂಪನಿಯ ಕೈಯಲ್ಲಿದ್ದವು, 2014ರಲ್ಲಿ ನಮ್ಮ ಭಾರತದ ಬಿಗ್‌ರಾಕ್ ಕೂಡ ಅಲ್ಲಿಗೇ ಸೇರಿತು. ಒಂದರ ಮೇಲೆ ಕೋಪ ಮಾಡಿಕೊಂಡು ಇನ್ನೊಂದಕ್ಕೆ ಹೋದರೆ ದುಡ್ಡು ಸೇರುವುದು ಅದೇ ಪೆಟ್ಟಿಗೆಗೆ. 2013ರ ಆಗಸ್ಟ್‌ನಲ್ಲಿ ಅಮೆರಿಕದ ಯೂಟಾದಲ್ಲಿ ಅವರ ಡೇಟಾ ಸೆಂಟರ್ ಕೈಕೊಟ್ಟಾಗ ಹೆಸರು ಬೇರೆ ಬೇರೆ ಇದ್ದ ಸೈಟುಗಳೆಲ್ಲ ಒಟ್ಟಿಗೇ ಮಲಗಿದವು. ಆಗ ಗೊತ್ತಾಯಿತು ಎಷ್ಟೋ ಜನಕ್ಕೆ, ತಮ್ಮ ಯಜಮಾನ ಯಾರು ಅಂತ.

ನನ್ನ ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳು ನಿಜವಾಗಿಯೂ ಏನೂ ಬದಲಾಗಲಿಲ್ಲ. ಮೂರನೇ ತಿಂಗಳು ಕಾರ್ಡಿನಿಂದ ದುಡ್ಡು ಹೋಗಲಿಲ್ಲ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆಯಲ್ಲ, ತಿಂಗಳು ತಿಂಗಳು ತಾನಾಗಿ ದುಡ್ಡು ಕಟ್ ಆಗಬೇಕಾದರೆ ನಾವು ಮೊದಲೇ ಒಪ್ಪಿಗೆ ಕೊಟ್ಟಿರಬೇಕು. ನಾನು ಒಪ್ಪಿಗೆ ಕೊಟ್ಟದ್ದು ಹಳೆ ಹೆಸರಿಗೆ. ಬಿಲ್ಲು ಬಂದದ್ದು ಹೊಸ ಹೆಸರಿನಲ್ಲಿ. ಸರ್ವರ್ ನಿಲ್ಲಿಸುತ್ತೇವೆ ಅಂತ ಮೇಲ್ ಬಂತು, ಅದೂ ಮಲಯಾಳಂ ಪಂಚಾಂಗದ ಚಿಂಗಂ ತಿಂಗಳ ಮದುವೆ ಬುಕಿಂಗ್ ಬಿಸಿಯಲ್ಲಿ.

ಟಿಕೆಟ್, ಅಂದರೆ ಕಂಪನಿಗೆ ಒಂದು ದೂರು, ಹಾಕಿದೆ. ಮೊದಲೆಲ್ಲ ಅರ್ಧ ಗಂಟೆಯಲ್ಲಿ ಒಬ್ಬ ಮನುಷ್ಯ ಉತ್ತರ ಕೊಡುತ್ತಿದ್ದ, ನಾನು ಬರೆದದ್ದನ್ನು ಓದಿ ಕೊಡುತ್ತಿದ್ದ. ಈಗ ಮರುದಿನ ಮಧ್ಯಾಹ್ನ ಬಂದ ಉತ್ತರ, ಬ್ರೌಸರಿನ ಕ್ಯಾಶ್ (ಅದು ಕೂಡಿಟ್ಟುಕೊಂಡ ಹಳೆ ಪುಟಗಳು) ಕ್ಲಿಯರ್ ಮಾಡಿ ನೋಡಿ. ಕಾರ್ಡಿನ ಬಗ್ಗೆ ಕೇಳಿದ್ದಕ್ಕೆ! ಸರ್ವರ್ ಎಲ್ಲರದ್ದೂ ಒಂದೇ ಥರ, ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ಇಷ್ಟು ವರ್ಷ ದುಡ್ಡು ಕೊಟ್ಟದ್ದು ಆ ಅರ್ಧ ಗಂಟೆಗೆ ಅಂತ ನನಗೆ ಗೊತ್ತಾದದ್ದೇ ಆಗ. ರೇಟು ಎರಡು ಡಾಲರ್ ಏರಿದ್ದರೆ ಗೊಣಗಿಕೊಂಡು ಅಲ್ಲೇ ಇರುತ್ತಿದ್ದೆ.

ಖಾಲಿ ಮಾಡುವುದು ಅಂದರೆ ಹೇಳಿದಷ್ಟು ಸುಲಭ ಅಲ್ಲ. ಫೈಲು, ಡೇಟಾಬೇಸ್ ಕಾಪಿ ಮಾಡುವುದು ಒಂದು ರಾತ್ರಿಯ ಕೆಲಸ. ಎರಡು ದಿನ ಮೊದಲೇ ಸೈಟಿನ ಹೆಸರಿಗೆ ಸರ್ವರಿನ ವಿಳಾಸ ಹೇಳುವ ಡಿಎನ್‌ಎಸ್‌ನ ಟಿಟಿಎಲ್ಲನ್ನು, ಅಂದರೆ ಆ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ ಇಟ್ಟರೆ ಹೊಸ ವಿಳಾಸ ಬೇಗ ಹಿಡಿಯುತ್ತದೆ. ನಿಜವಾದ ತಲೆನೋವು ಮೇಲ್. ಹೊಸ ಸರ್ವರ್ ಅಂದರೆ ಹೊಸ ಐಪಿ (ನೆಟ್ಟಿನಲ್ಲಿ ಸರ್ವರಿನ ವಿಳಾಸದ ಸಂಖ್ಯೆ), ಆ ಐಪಿಯಲ್ಲಿ ನಮಗಿಂತ ಮೊದಲು ಯಾರಿದ್ದರೋ, ಏನೇನು ಕಳಿಸಿದ್ದರೋ. ಯಂತ್ರದಂಗಡಿಯವರ ಕೊಟೇಶನ್ ಎಲ್ಲ ಸ್ಪ್ಯಾಮಿಗೆ ಬೀಳಲು ಶುರುವಾಯಿತು. ಅವರು ಫೋನ್ ಮಾಡಿ, "ಅಣ್ಣಾ, ಸುಮ್ನೆ ಹಳೆಯದ್ದೇ ಇರಲಿ" ಅಂದರು. ವಾಪಸು ಹಳೆಯದಕ್ಕೇ ತಂದಿಟ್ಟೆ.

ಈಗ ಒಂಬತ್ತು ಸೈಟು ಹೊಸ ಕಡೆ. ಯಕ್ಷಗಾನ ಸಂಘದ್ದನ್ನು ದೀಪಾವಳಿಗೆ ಮೊದಲೇ ಸಾಗಿಸಿದೆ, ಅವರಿಗೆ ಇವತ್ತಿಗೂ ಗೊತ್ತಿಲ್ಲ, ಪಟ್ಟಿ ಕಂಡರೆ ಸಾಕು. ಶೆಟ್ರು, ಅಷ್ಟು ಕೂಗಾಡಿದವರು, ಮತ್ತೆ ಕೇಳಲೇ ಇಲ್ಲ. ಮಾಷ್ಟ್ರು ಮಾತ್ರ ಬರುವುದಿಲ್ಲ ಅಂದರು. "ಅಲ್ಲೇ ಇರಲಿ, ನೋಡುವ" ಅಂತ.

ಇವತ್ತು ಬೆಳಗ್ಗೆ ಅವರದ್ದೇ ಫೋನ್. ಲೇಖನಗಳ ಜೊತೆ ಹಾಕಿದ ಫೋಟೋ ಒಂದೂ ಕಾಣುತ್ತಿಲ್ಲವಂತೆ. ಹತ್ತು ಗಂಟೆಗೆ ಟಿಕೆಟ್ ಹಾಕಿದ್ದೇನೆ. ಇದನ್ನು ಬರೆದು ಮುಗಿಸುವಾಗ ಎರಡೂವರೆ. ಕ್ಯಾಶ್ ಕ್ಲಿಯರ್ ಮಾಡಿ ಅಂತ ಕೂಡ ಇನ್ನೂ ಬಂದಿಲ್ಲ.