ಟಿಟಿ ಓಡಿಸಲು ಕಾರಿನ ಲೈಸೆನ್ಸ್ ಸಾಕು, ಕಾರಿನ ವೇಗ ಸಲ್ಲದು

ಮದುವೆ, ಜಾತ್ರೆಗಳ ಕಾಲ ಬಂತೆಂದರೆ ದಾವಣಗೆರೆಯಲ್ಲಿ ಬಾಡಿಗೆ ಟಿಟಿಗಳಿಗೆ, ಅಂದರೆ ಟೆಂಪೋ ಟ್ರಾವೆಲರ್‌ಗಳಿಗೆ, ಬಿಡುವೇ ಇರುವುದಿಲ್ಲ. ನಾಯಕನಹಟ್ಟಿಗೋ ಧರ್ಮಸ್ಥಳಕ್ಕೋ ಹೊರಟವರಿಗೆ ಗಾಡಿ ಸಿಕ್ಕು ಡ್ರೈವರ್ ಸಿಗದಿದ್ದಾಗ ಏಳುವ ಪ್ರಶ್ನೆ, ಕಾರಿನ ಲೈಸೆನ್ಸ್ ಇರುವವರು ಟೆಂಪೋ ಟ್ರಾವೆಲರ್ ಓಡಿಸಬಹುದೇ ಎಂಬುದು. ಓಡಿಸಬಹುದು. ಆದರೆ ಅಷ್ಟು ಕೇಳಿದೊಡನೆ ಅದನ್ನು ಕಾರಿನಷ್ಟೇ ವೇಗವಾಗಿ ಓಡಿಸಬಹುದೆಂದು ತಿಳಿಯುವವರು ಬಹಳ ಜನರಿದ್ದಾರೆ. ನನಗೆ ಆತಂಕವಾಗುವುದು ಅಲ್ಲಿ.

ಲೈಸೆನ್ಸಿನ ಲೆಕ್ಕ ತೂಕದ್ದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 7,500 ಕಿಲೋಗ್ರಾಂ ಮೀರದ ವಾಹನಗಳು ಕಾರಿನಂತೆಯೇ ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನ ವರ್ಗಕ್ಕೆ ಸೇರುತ್ತವೆ. ಹಳದಿ ಬೋರ್ಡಿನ ಗಾಡಿಗೆ ಇದರ ಮೇಲೆ ಬೇರೆ ಅನುಮೋದನೆ ಬೇಕೇ ಎಂಬ ವಿವಾದ ವರ್ಷಗಟ್ಟಲೆ ನಡೆಯಿತು. ಆ ಅನುಮೋದನೆ ಇಲ್ಲವೆಂಬ ಕಾರಣ ಮುಂದಿಟ್ಟು ವಿಮಾ ಕಂಪನಿಗಳು ಅಪಘಾತದ ಪರಿಹಾರದ ಹೊಣೆಯನ್ನೇ ನಿರಾಕರಿಸುತ್ತಿದ್ದವು. 2017ರಲ್ಲಿ ಸುಪ್ರೀಂ ಕೋರ್ಟ್ ಅದು ಬೇಡವೆಂದಿತು, 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ನಮ್ಮ ರಸ್ತೆಗಳಲ್ಲಿ ಕಾಣುವ ಟಿಟಿಗಳು ಸಾಮಾನ್ಯವಾಗಿ ಈ ಮಿತಿಯೊಳಗೇ ಇರುತ್ತವೆ. ಮಿನಿ ಬಸ್ಸಾದರೆ ಮಾತ್ರ ಆರ್‌ಸಿಯಲ್ಲಿರುವ ಒಟ್ಟು ತೂಕವನ್ನು ನೋಡಿಯೇ ಸ್ಟಿಯರಿಂಗ್ ಹಿಡಿಯಬೇಕು.

ವೇಗದ ಲೆಕ್ಕ ಹಾಗಲ್ಲ, ಅದು ಸೀಟುಗಳದ್ದು. ಕೇಂದ್ರ ಸರ್ಕಾರದ 2018ರ ಏಪ್ರಿಲ್ ಅಧಿಸೂಚನೆಯು ಚಾಲಕನನ್ನು ಬಿಟ್ಟು ಎಂಟು ಸೀಟುಗಳವರೆಗಿನ ವಾಹನಕ್ಕೆ ವಿಭಜಕವಿರುವ ಚತುಷ್ಪಥದಲ್ಲಿ ಗಂಟೆಗೆ 100 ಕಿ.ಮೀ., ಊರೊಳಗೆ ಮತ್ತು ಇತರ ರಸ್ತೆಗಳಲ್ಲಿ 70 ಕಿ.ಮೀ. ಗರಿಷ್ಠ ಮಿತಿ ನಿಗದಿಪಡಿಸಿದರೆ, ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಸೀಟುಗಳ ವಾಹನಕ್ಕೆ ಅದು ಕ್ರಮವಾಗಿ 90 ಮತ್ತು 60. ಇವು ಗರಿಷ್ಠ ಮಿತಿಗಳಷ್ಟೇ. ರಾಜ್ಯ ಸರ್ಕಾರ ಇನ್ನೂ ಕಡಿಮೆ ಮಾಡಬಹುದು, ರಸ್ತೆಬದಿಯ ಫಲಕದಲ್ಲಿ ಕಡಿಮೆ ಬರೆದಿದ್ದರೆ ಅದೇ ಅನ್ವಯ. ಬಾಡಿಗೆ ಟಿಟಿಯಾದರೆ 80 ಕಿ.ಮೀ.ಗೆ ತಡೆಯುವ ಸ್ಪೀಡ್ ಗವರ್ನರ್ ಕೂಡ ಕಡ್ಡಾಯ, ಹಾಗಾಗಿ 90ರ ಮಾತೇ ಬರುವುದಿಲ್ಲ. ಗವರ್ನರಿನ ವೈರ್ ಕೀಳಿಸಿ ಓಡಿಸುವುದು ನನ್ನ ಪ್ರಕಾರ ಒಳಗೆ ಕುಳಿತವರಿಗೆ ಮಾಡುವ ದ್ರೋಹ.

ಈ ವ್ಯತ್ಯಾಸಕ್ಕೆ ಕಾರಣ ನಮ್ಮ ಹೆದ್ದಾರಿಯಲ್ಲೇ ಕಣ್ಣಿಗೆ ಬೀಳುತ್ತದೆ. ಯಾತ್ರೆಗೆ ಹೊರಟ ಟಿಟಿಯ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ, ಪಾತ್ರೆಯ ಚೀಲ, ಹಾಸಿಗೆ ಗಂಟುಗಳನ್ನು ಹಗ್ಗ ಬಿಗಿದು ಹೇರಿರುತ್ತಾರೆ. ಮೊದಲೇ ಎತ್ತರವಾದ ಗಾಡಿಯ ಭಾರವೆಲ್ಲ ಹೀಗೆ ಇನ್ನಷ್ಟು ಮೇಲೇರಿದಾಗ, ಕಾರು ಸಲೀಸಾಗಿ ತಿರುಗುವ ತಿರುವಿನಲ್ಲಿ ಅದು ಹೊರಮಗ್ಗುಲಿಗೆ ವಾಲುತ್ತದೆ, ಬ್ರೇಕ್ ಒತ್ತಿದರೆ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಅಲ್ಲಿ ಗಾಳಿ ಜೋರಾಗಿರುವುದರಿಂದಲೇ. ಲಾರಿಯನ್ನು ಓವರ್‌ಟೇಕ್ ಮಾಡುವಾಗ ಅದರ ಮರೆಯಿಂದ ಮುಂದೆ ಬಂದ ಕ್ಷಣದಲ್ಲಿ ಆ ಗಾಳಿ ಪಕ್ಕದಿಂದ ಬಡಿದರೆ ಟಿಟಿಯ ಸ್ಟಿಯರಿಂಗ್ ಒಮ್ಮೆಲೇ ಎಳೆದಂತಾಗುತ್ತದೆ. ಮಳೆಗಾಲ ಆರಂಭವಾಗುವ ದಿನಗಳಲ್ಲಂತೂ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ಎಂದಿಟ್ಟುಕೊಳ್ಳಿ. ಎಲ್ಲಿಯೂ ನಿಲ್ಲದೆ 80ರಲ್ಲಿ ಹೋದರೆ 45 ನಿಮಿಷ, 100ರಲ್ಲಿ ಹೋದರೆ 36 ನಿಮಿಷ. ಹಿಂದೆ ಕುಳಿತ ಮಕ್ಕಳು, ವಯಸ್ಸಾದವರೆಲ್ಲರನ್ನೂ ಅಪಾಯಕ್ಕೊಡ್ಡಿ ಉಳಿಸುವುದು ಒಂಬತ್ತು ನಿಮಿಷ. ಅದೂ ಟೋಲ್‌ಗೇಟಿನ ಸಾಲಿನಲ್ಲಿ ಕಳೆದುಹೋಗಬಹುದು.

ಇನ್ನೊಂದು ವಿಷಯವನ್ನೂ ಹೇಳಬೇಕು. ಬಾಡಿಗೆ ಕಡಿಮೆಯೆಂದು ಪರಿಚಯದವರ ಬಿಳಿ ಬೋರ್ಡಿನ ಟಿಟಿಯನ್ನು ಹಣ ಕೊಟ್ಟು ಒಯ್ಯುವವರಿದ್ದಾರೆ. ಚಾಲಕನ ಲೈಸೆನ್ಸ್ ಸರಿಯಿದ್ದರೂ ಅಂಥ ಗಾಡಿಗೆ ಬಾಡಿಗೆ ಓಡಿಸುವ ಪರ್ಮಿಟ್ ಇರುವುದಿಲ್ಲ, ಸ್ವಂತ ಬಳಕೆಗೆಂದು ಮಾಡಿಸಿದ ವಿಮೆಯ ಷರತ್ತೂ ಮುರಿದಂತಾಗುತ್ತದೆ. ಮುಂಗಡ ಕೊಡುವ ಮೊದಲೇ ಆರ್‌ಸಿ, ಪರ್ಮಿಟ್, ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ಮತ್ತು ವಿಮೆಯ ಪ್ರತಿಗಳನ್ನು ಕೇಳಿ. ಚಾಲ್ತಿಯಲ್ಲಿರುವ ದಾಖಲೆಗಳಿರುವ ಮಾಲೀಕರು ತೋರಿಸಲು ಹಿಂಜರಿಯುವುದಿಲ್ಲ.