ನರ್ಸ್ ಆಗೋರಿಗೆ ಬ್ಯಾಕ್ಟೀರಿಯಾ ಪಾಠ ಯಾಕ್ರೀ?

"ನರ್ಸ್ ಆಗೋ ಹುಡುಗೂರಿಗೆ ಬ್ಯಾಕ್ಟೀರಿಯಾದ ಹೆಸರು ಯಾಕ್ ಕಲಸ್ತೀರಿ? ಅವರೇನ್ ಲ್ಯಾಬಿನ್ಯಾಗ ಕೂಡ್ತಾರೇನ್ರೀ?" ಹುಬ್ಬಳ್ಳಿ-ಧಾರವಾಡದ ಕಡೆ ಮೈಕ್ರೋಬಯಾಲಜಿ ಕಲಿಸುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಪಾಲಕರು ಕೇಳುತ್ತಾರೆ, ವಾರ್ಡಿನ ಹಿರಿಯ ಸಿಸ್ಟರ್‌ಗಳೂ ಕೇಳುತ್ತಾರೆ. ಪ್ರಶ್ನೆಯಲ್ಲಿ ಅರ್ಧ ನಿಜವಿದೆ. ಹೆಸರು ಉರು ಹೊಡೆಸುವುದೇ ಪಾಠವಾದರೆ ಅದು ಬೇಡವೇ ಬೇಡ. ಆದರೆ ಕಲ್ಚರ್ ರಿಪೋರ್ಟ್ (ಸ್ಯಾಂಪಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಿ ಕೊಡುವ ವರದಿ) ಕೆಡುವುದು ಬಹಳ ಸಲ ಲ್ಯಾಬಿನಲ್ಲಲ್ಲ, ಮಂಚದ ಪಕ್ಕದಲ್ಲಿ, ಸ್ಯಾಂಪಲ್ ತೆಗೆಯುವ ಕೈಯಲ್ಲಿ.

ಮೂತ್ರದ್ದೇ ತೆಗೆದುಕೊಳ್ಳಿ. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ರೋಣದಿಂದ ಗದಗಿಗೆ ಹೊರಟ ಡಬ್ಬಿ ಮೂರು ತಾಸು ಚೀಲದಲ್ಲೇ ಕುಳಿತರೆ ಒಂಬತ್ತು ಇಮ್ಮಡಿ, ಅಂದರೆ ಒಂದು ಹೋಗಿ 512. ಮಿ.ಲೀ.ಗೆ 200 ಇದ್ದದ್ದು ಲಕ್ಷ ದಾಟಿತು. ಲಕ್ಷವೆಂದರೆ ಸಾಮಾನ್ಯವಾಗಿ ಸೋಂಕು ಎಂದು ಎಣಿಸುವ ಗೆರೆ. ಇದು ಕಾಗದದ ಲೆಕ್ಕ, ನಿಜವಾದ ಮೂತ್ರದಲ್ಲಿ ಅಷ್ಟು ಓಟ ಇರಲಿಕ್ಕಿಲ್ಲ. ಆದರೂ ಇಲ್ಲದ ಸೋಂಕಿಗೆ ಆ್ಯಂಟಿಬಯೋಟಿಕ್ ಶುರುವಾಗುವುದು ಹೀಗೆಯೇ. ಅದಕ್ಕೇ ಎರಡು ತಾಸಿನೊಳಗೆ ಲ್ಯಾಬ್ ಮುಟ್ಟಿಸಿ, ಆಗದಿದ್ದರೆ 4 ಡಿಗ್ರಿ ಫ್ರಿಜ್ಜಿನಲ್ಲಿಡಿ ಎನ್ನುವುದು.

ಇಷ್ಟು ಕಲಿತ ಹುಡುಗಿ ಮರುದಿನ ಬೆನ್ನುಹುರಿಯಿಂದ ತೆಗೆದ ನೀರನ್ನೂ ಅದೇ ಫ್ರಿಜ್ಜಿಗೆ ಇಡುತ್ತಾಳೆ. ಅಲ್ಲಿಗೆ ಮುಗಿಯಿತು! ಮೆದುಳುಪೊರೆಯ ಜ್ವರ ತರುವ ಮೆನಿಂಗೊಕಾಕಸ್ ಥಂಡಿ ತಾಳುವುದಿಲ್ಲ. ಸತ್ತ ಮೇಲೆ ಕಲ್ಚರ್‌ನಲ್ಲಿ ಏನು ಬೆಳೆದೀತು? ಕಾರಣ ಗೊತ್ತಿಲ್ಲದೆ ನಿಯಮವಷ್ಟೇ ಗೊತ್ತಿದ್ದರೆ ಆಗುವುದು ಇದೇ.

ರಕ್ತದ ಕಲ್ಚರ್‌ನಲ್ಲಿ ತಪ್ಪು ಇನ್ನೂ ಸೂಕ್ಷ್ಮ. ಸ್ಪಿರಿಟ್ ಹತ್ತಿ ಒರೆಸಿ, ಒಣಗುವ ಮೊದಲೇ ಸೂಜಿ ಚುಚ್ಚುತ್ತಾರೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಕೊಲ್ಲಲು ಸ್ಪಿರಿಟ್ಟಿಗೆ ಹೊತ್ತು ಬೇಕು, ಇಲ್ಲದಿದ್ದರೆ ಅವೇ ರಕ್ತದ ಜೊತೆ ಬಾಟಲಿ ಸೇರುತ್ತವೆ. ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಆದರೆ 30 ಸೆಕೆಂಡ್ ಉಜ್ಜಿ, ಪೂರ್ತಿ ಆರಲು ಬಿಡಬೇಕು. ಒರೆಸಿದ ಮೇಲೆ ನರ ಎಲ್ಲಿದೆ ಎಂದು ಬರಿ ಬೆರಳಿಂದ ಮತ್ತೆ ಮುಟ್ಟಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸಬೇಕು, ಇದನ್ನು ಮರೆಯುವವರೇ ಹೆಚ್ಚು. ದೊಡ್ಡವರಿಗೆ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ, ಎರಡು ಬೇರೆ ಜಾಗದಿಂದ, ಆ್ಯಂಟಿಬಯೋಟಿಕ್ ಕೊಡುವ ಮೊದಲು. ರಕ್ತದಲ್ಲಿ ಮಿ.ಲೀ.ಗೆ ಒಂದು ಬ್ಯಾಕ್ಟೀರಿಯಾ ಕೂಡ ಇರದಿರಬಹುದು; 2 ಮಿ.ಲೀ. ಹಾಕಿ ಕೈತೊಳೆದುಕೊಂಡರೆ ಸಿಗಬೇಕಾದದ್ದು ತಪ್ಪಿಹೋಗುತ್ತದೆ.

ಹಾಗಾದರೆ ಗ್ರಾಂ ಸ್ಟೇನ್, ಅಂದರೆ ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ನೇರಳೆ, ಗುಲಾಬಿ ಎಂದು ಎರಡು ಗುಂಪು ಮಾಡಿ ನೋಡುವ ಪಾಠ ಯಾಕೆ? ಕಣ್ಣಿಗೆ ಕಾಣದ್ದನ್ನು ಒಮ್ಮೆ ಕಾಣಲಿ ಎಂದು. ಅದಕ್ಕೆ ರೋಗಾಣು ಬೇಕಿಲ್ಲ, ಮನೆಯ ಗಡಿಗೆಯ ಮೊಸರು ಸಾಕು. ಹಿಂದಿನ ರಾತ್ರಿ ಹೆಪ್ಪು ಹಾಕಿದ್ದಿರಲಿ. ಕೆನೆ ಸರಿಸಿ ಕೆಳಗಿನ ಮೊಸರು ಲೂಪಿನ (ತುದಿ ಬಳೆಯಂತೆ ಬಾಗಿದ ತಂತಿಯ) ತುದಿಯಷ್ಟು ತೆಗೆದು, ಸ್ಲೈಡಿನ ಮೇಲೆ ಒಂದು ಹನಿ ನೀರಲ್ಲಿ ತೆಳ್ಳಗೆ ಸವರಿ, ಆರಿದ ಮೇಲೆ ಎರಡು-ಮೂರು ಸಲ ಉರಿಯ ಮೇಲೆ ಹಾಯಿಸಿ. ಕ್ರಿಸ್ಟಲ್ ವಯಲೆಟ್ ಎಂಬ ನೇರಳೆ ಬಣ್ಣ 1 ನಿಮಿಷ, ಅಯೋಡಿನ್ 1 ನಿಮಿಷ, ನಡುವೆ ನೀರು. ಆಮೇಲೆ ಆಲ್ಕೋಹಾಲ್, ಬಣ್ಣ ಇಳಿಯುವುದು ನಿಲ್ಲುವವರೆಗೆ ಮಾತ್ರ, 10-15 ಸೆಕೆಂಡ್. ಕೊನೆಗೆ ಸಫ್ರಾನಿನ್ ಎಂಬ ಗುಲಾಬಿ ಬಣ್ಣ 1 ನಿಮಿಷ. ಎಣ್ಣೆ ಹಾಕಿ 100ರ ಲೆನ್ಸಿನಲ್ಲಿ ನೋಡಿದರೆ ನೇರಳೆ ಕಡ್ಡಿಗಳೂ ಮಣಿಸರಗಳೂ ಸಿಗುತ್ತವೆ. ಸವರಿದ್ದು ದಪ್ಪಗಾದರೆ ಎಲ್ಲವೂ ನೇರಳೆ ಮುದ್ದೆ. ಆಲ್ಕೋಹಾಲ್ ಹೆಚ್ಚಾದರೆ ನೇರಳೆಯವೂ ಗುಲಾಬಿ. ಮೂರು ದಿನದ ಹುಳಿ ಮೊಸರಾದರೂ ಅಷ್ಟೇ. ಸತ್ತ ಕೋಶದ ಗೋಡೆ ಬಣ್ಣ ಹಿಡಿದಿಡದು. ಈ ತಪ್ಪು ಮಕ್ಕಳಿಂದ ಬೇಕೆಂದೇ ಒಮ್ಮೆ ಮಾಡಿಸಬೇಕು.

ಕೈ ತೊಳೆಯುವ ಪಾಠಕ್ಕೆ ಅಗಾರ್ ಪ್ಲೇಟಿನ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ) ಹಿಂಬದಿ ನಾಲ್ಕು ಭಾಗ ಗೆರೆ ಎಳೆದು (ಮುಚ್ಚಳದ ಮೇಲೆ ಬರೆದರೆ ಮುಚ್ಚಳ ತಿರುಗಿದಾಗ ಲೆಕ್ಕ ತಪ್ಪುತ್ತದೆ) ತೊಳೆಯದ ಬೆರಳು, ಬರೀ ನೀರು, ಸೋಪು, ಸ್ಯಾನಿಟೈಸರ್ ಎಂದು ಒತ್ತಿಸಿ. ತಲೆಕೆಳಗಾಗಿಟ್ಟು 37 ಡಿಗ್ರಿಯಲ್ಲಿ ಒಂದು ದಿನ. ಬೆಳೆದ ಮೇಲೆ ಟೇಪ್ ಸುತ್ತಿ, ತೆರೆಯದೆ ಹೊರಗಿನಿಂದಲೇ ನೋಡುವುದು. ಕೆಲವೊಮ್ಮೆ ಸೋಪಿನ ಭಾಗದಲ್ಲೇ ಹೆಚ್ಚು ಚುಕ್ಕೆ ಕಂಡು ತರಗತಿ ಗೊಂದಲಕ್ಕೆ ಬೀಳುತ್ತದೆ. ಉಜ್ಜಿದಾಗ ಚರ್ಮದ ಆಳದ ಖಾಯಂ ಬ್ಯಾಕ್ಟೀರಿಯಾ ಸಡಿಲಾಗಿ ಮೇಲೆ ಬಂದವು, ಅಷ್ಟೇ. ಸೋಪು ಮುಖ್ಯವಾಗಿ ತೊಳೆಯುವುದು ರೋಗಿಯಿಂದ ಅಂಟಿಕೊಂಡ ಅತಿಥಿಗಳನ್ನು. ಇದನ್ನು ಮುಚ್ಚಿಡದೆ ಹೇಳಬೇಕು. ಸ್ಯಾನಿಟೈಸರ್‌ಗೆ ಬ್ಯಾಕ್ಟೀರಿಯಾದ ಸ್ಪೋರ್ (ಗಟ್ಟಿ ಕವಚದ ನಿದ್ರಾರೂಪ) ಬಗ್ಗುವುದಿಲ್ಲ ಎಂಬುದನ್ನೂ: ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಭೇದಿಯ ರೋಗಿಯನ್ನು ಮುಟ್ಟಿದ ಕೈಗೆ ಸೋಪು-ನೀರೇ ಗತಿ.

ನಮ್ಮ ಮೌಖಿಕ ಪರೀಕ್ಷೆಯಲ್ಲಿ ಮೇಜಿನ ಮೇಲೆ ಮೂರು ಡಬ್ಬಿ ಇರುತ್ತವೆ: ಹೆಸರು ಬರೆಯದ್ದೊಂದು, ಕಫದ ಬದಲು ಜೊಲ್ಲು ತುಂಬಿದ್ದೊಂದು, ಕ್ಯಾತಿಟರ್ (ಮೂತ್ರ ಹೊರತರುವ ಟ್ಯೂಬ್) ಚೀಲದಿಂದ ಬಗ್ಗಿಸಿದ ಮೂತ್ರ ಇನ್ನೊಂದು. ಯಾವುದನ್ನು ಲ್ಯಾಬಿಗೆ ಕಳಿಸುತ್ತೀ ಎಂದು ಕೇಳುತ್ತೇವೆ. "ಯಾವ್ದೂ ಬ್ಯಾಡ್ರೀ. ಚೀಲದ್ದಲ್ಲ, ಟ್ಯೂಬಿನ ಪೋರ್ಟ್ ಒರಸಿ ಸಿರಿಂಜಿನಿಂದ ತಗೀಬೇಕು" ಎಂದವಳಿಗೆ ಬ್ಯಾಕ್ಟೀರಿಯಾದ ಸ್ಪೆಲಿಂಗ್ ತಪ್ಪಿದರೂ ಅಂಕ ಕಡಿಯುವುದಿಲ್ಲ.